ಹಾವು ಬಲ್ಲ ವಿಜ್ಞಾನಿಯ ಕೊನೆಯ ಪಾಠ

ಅಮೆರಿಕದ ಶಿಕಾಗೋ ನಗರದಲ್ಲಿ ಫೀಲ್ಡ್ ಮ್ಯೂಸಿಯಂ ಇದೆ. ಮ್ಯೂಸಿಯಂ ಅಂದರೆ ವಸ್ತು ಸಂಗ್ರಹಾಲಯ. ಕಾರ್ಲ್ ಶ್ಮಿಟ್ 1922ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಹಾವು, ಹಲ್ಲಿ, ಆಮೆ, ಕಪ್ಪೆಗಳನ್ನು ಅಭ್ಯಾಸ ಮಾಡುವುದೇ ಅವರ ಕೆಲಸ.

ಆ ಕೆಲಸ ಹೇಗಿರುತ್ತದೆ ಗೊತ್ತೇ? ಸತ್ತ ಪ್ರಾಣಿಯನ್ನು ಕೆಡದ ಹಾಗೆ ಗಾಜಿನ ಜಾಡಿಯಲ್ಲಿ ಇಡಬೇಕು. ಎಲ್ಲಿ, ಯಾವಾಗ ಸಿಕ್ಕಿತು ಅಂತ ಚೀಟಿ ಬರೆದು ಕಟ್ಟಬೇಕು. ಮೈಮೇಲಿನ ಹುರುಪೆ ಎಣಿಸಿ, ಹಳೆಯ ಜಾಡಿಗಳ ಪ್ರಾಣಿಗಳ ಜೊತೆ ಹೋಲಿಸಿ, ಯಾವ ಜಾತಿ ಅಂತ ಹೇಳಬೇಕು.

ನಿವೃತ್ತರಾದ ಮೇಲೂ ಶ್ಮಿಟ್ ಈ ಕೆಲಸ ಬಿಡಲಿಲ್ಲ. 1957ರ ಸೆಪ್ಟೆಂಬರ್ 25ರಂದು ಮೃಗಾಲಯದವರು ಒಂದು ಮರಿ ಹಾವು ಕಳಿಸಿದರು. ಅದು ಯಾವ ಜಾತಿ ಅಂತ ಅವರಿಗೆ ತಿಳಿಯಬೇಕಿತ್ತು. ಅದು ಆಫ್ರಿಕಾದ ಬೂಮ್‌ಸ್ಲಾಂಗ್ ಹಾವು. ಕೈಯಲ್ಲಿ ಹಿಡಿದಾಗ ಹೆಬ್ಬೆರಳಿಗೆ ಕಚ್ಚಿತು.

ಮರಿ ಹಾವು. ಒಂದೇ ಹಲ್ಲು ಪೂರ್ತಿ ನಾಟಿತ್ತು. ಶ್ಮಿಟ್ ಆಸ್ಪತ್ರೆಗೆ ಹೋಗಲಿಲ್ಲ, ಮನೆಗೆ ಹೋದರು. ಚಳಿ, ಜ್ವರ ಬಂತು. ಒಸಡಿನಿಂದ ರಕ್ತ ಬಂತು. ಆದದ್ದನ್ನೆಲ್ಲ ಬರೆದಿಟ್ಟರು. ಮರುದಿನ ಬೆಳಿಗ್ಗೆ ಹುಷಾರಾದ ಹಾಗೆ ಅನಿಸಿತು, ತಿಂಡಿ ತಿಂದರು. ಅದೇ ಮಧ್ಯಾಹ್ನ ತೀರಿಕೊಂಡರು. ಆಗ ಅವರಿಗೆ 67 ವರ್ಷ.

ಯಾಕೆ ಹೀಗಾಯಿತು? ಆ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಮೈಯೊಳಗೇ ರಕ್ತ ಸೋರುತ್ತದೆ. ಮೇಲೆ ನೋಡಿದರೆ ಮನುಷ್ಯ ಚೆನ್ನಾಗಿರುವ ಹಾಗೇ ಕಾಣಬಹುದು.

ನಮ್ಮ ಹೊಲಗಳಲ್ಲಿರುವ ಕೊಳಕುಮಂಡಲದ ವಿಷವೂ ರಕ್ತವನ್ನು ಕೆಡಿಸುತ್ತದೆ. ಆದರೆ ಅದಕ್ಕೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ. ಹಾವು ಕಚ್ಚಿದರೆ ಮರಿ ಹಾವು ಅಂತ ಉದಾಸೀನ ಮಾಡಬೇಡಿ. ನೋವು ಕಡಿಮೆಯಾಯಿತು ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. ಬದುಕೆಲ್ಲ ಹಾವುಗಳ ಜೊತೆ ಕಳೆದವರೇ ಮೋಸ ಹೋದರು, ನೋಡಿ!