ಗಾಳಿಯ ಮೇಲೆ ನಿಂತ ಗಾಡಿ

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ಬೆಂಗಳೂರಿನಿಂದ ಎರ್ನಾಕುಳಕ್ಕೆ ರಾತ್ರಿಯ ದೊಡ್ಡ ಬಸ್ಸಿನಲ್ಲಿ ಪಯಣಿಸಿರಬಹುದು. ನಿಲ್ದಾಣದಲ್ಲಿ ಬಸ್ಸು ನಿಂತೊಡನೆ ಅದು 'ಸುಸ್' ಎಂದು ನಿಟ್ಟುಸಿರು ಬಿಡುವುದನ್ನು ಕೇಳಿದ್ದೀರಷ್ಟೆ? ಆ ಉಸಿರಿನಲ್ಲಿ ಒಂದು ಪಾಲು ಬ್ರೇಕಿನದು. ಇನ್ನೊಂದು ಪಾಲು ಗಾಡಿಯ ಭಾರವನ್ನು ಹೊತ್ತಿರುವ ಗಾಳಿಯದು. ತಿರುವನಂತಪುರಕ್ಕೂ ಕಾಸರಗೋಡಿಗೂ ನಡುವೆ 2023ರ ಏಪ್ರಿಲಿನಲ್ಲಿ ಆರಂಭವಾದ ವಂದೇ ಭಾರತ ರೈಲಿನ ಡಬ್ಬಿಗಳು ಸಹ ಇಂತಹ ಗಾಳಿಯ ದಿಂಬುಗಳ ಮೇಲೆಯೇ ಕುಳಿತಿವೆ. ಬಸ್ಸನ್ನೂ ರೈಲನ್ನೂ ಹೊರಬಲ್ಲ ಗಾಳಿಯು ಒಂದು ಕಾರಿನ ಕೆಳಗಿನಿಂದ ಮೆಲ್ಲನೆ ಜಾರಿಹೋದುದರಿಂದ ಒಬ್ಬ ಮನುಷ್ಯನ ಅನ್ನಕ್ಕೆ ಕುತ್ತು ಬಂದಿತ್ತು. ಆ ಮನುಷ್ಯರು ನನ್ನ ಭಾವನವರು. ಗಾಳಿ ಸೋರುವ ಎಡೆಯನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ನಾನು ಕಲಿತದ್ದು ಆಗ.

ಮೊದಲು ಯಂತ್ರದ ಮಾತು. ಸಾಮಾನ್ಯವಾದ ಕಾರಿನಲ್ಲಿ ಪ್ರತಿ ಗಾಲಿಯ ಮೇಲೂ ಉಕ್ಕಿನ ಸುರುಳಿಯೊಂದು ಇರುತ್ತದೆ. ಗಾಲಿ ಹೊಂಡಕ್ಕೆ ಇಳಿದಾಗ ಸುರುಳಿ ಹಿಗ್ಗುತ್ತದೆ, ದಿಣ್ಣೆ ಏರಿದಾಗ ಕುಗ್ಗುತ್ತದೆ. ಗಾಳಿಯ ಸ್ಪ್ರಿಂಗಿನಲ್ಲಿ ಉಕ್ಕಿನ ಬದಲು ದಾರದ ನೆಯ್ಗೆಯಿಂದ ಬಲಪಡಿಸಿದ ರಬ್ಬರಿನ ಚೀಲವಿದ್ದು, ಅದರೊಳಗೆ ಒತ್ತಿ ತುಂಬಿದ ಗಾಳಿಯಿರುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿ ನೋಡಿರಿ. ಒತ್ತಿದಷ್ಟೂ ಅದು ಹಿಂದಕ್ಕೆ ತಳ್ಳುತ್ತದೆ. ಗಾಳಿಯ ಗಾತ್ರ ಕಿರಿದಾದಂತೆ ಒತ್ತಡ ಹಿರಿದಾಗುವುದೆಂದು ರಾಬರ್ಟ್ ಬಾಯಿಲನು 1662ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಪಾಠದಲ್ಲಿ ಓದಿರುವಿರಿ. ಕಾರಿನ ಚೀಲವು ಹೆಬ್ಬೆರಳಿಟ್ಟ ಪಂಪೇ ಸರಿ.

ಒಂದು ಸಣ್ಣ ಲೆಕ್ಕ ಮಾಡೋಣ. ಭಾರಿ ಕಾರಿನ ಒಂದು ಮೂಲೆಯ ಮೇಲೆ 500 ಕಿಲೋ ಭಾರ ಬೀಳುತ್ತದೆಂದೂ, ಚೀಲದ ತೋಳಿನ ಅಗಲ 70 ಚದರ ಸೆಂಟಿಮೀಟರೆಂದೂ ಇಟ್ಟುಕೊಳ್ಳಿರಿ. ಭಾಗಿಸಿದರೆ ಚದರ ಸೆಂಟಿಮೀಟರೊಂದಕ್ಕೆ ಸುಮಾರು ಏಳು ಕಿಲೋ ಒತ್ತಡ ಬೇಕು. ಕಾರಿನ ಟಯರಿನೊಳಗಿರುವುದು ಎರಡು, ಎರಡೂವರೆ ಕಿಲೋ ಮಾತ್ರ. ಆದ್ದರಿಂದ ಟಯರು ತಾಳಿಕೊಳ್ಳುವಂತಹ ಕೂದಲೆಳೆಯ ಬಿರುಕನ್ನು ಈ ಚೀಲವಾಗಲಿ ಅದರ ಕೊಳವೆಯಾಗಲಿ ತಾಳಿಕೊಳ್ಳಲಾರದು.

ಇಷ್ಟೊಂದು ತೊಡಕು ಏತಕ್ಕೆಂದು ಕೇಳುವಿರಿ. ಭಾರ ಹೆಚ್ಚಿದರೆ ಒಂದಿಷ್ಟು ಗಾಳಿ ತುಂಬಿ, ಭಾರ ಇಳಿದರೆ ಒಂದಿಷ್ಟು ಹೊರಬಿಟ್ಟು ಗಾಡಿಯನ್ನು ಒಂದೇ ಎತ್ತರದಲ್ಲಿ ನಿಲ್ಲಿಸಬಹುದು. ಹಾದಿ ಕೆಟ್ಟಲ್ಲಿ ಮೈಯೆತ್ತಿಕೊಳ್ಳಬಹುದು. ಅಮೇರಿಕದ ಕ್ಯಾಡಿಲಾಕ್ ಸಂಸ್ಥೆಯವರು 1957ರಲ್ಲಿ ತಮ್ಮ ಅತ್ಯಂತ ಬೆಲೆಯುಳ್ಳ ಕಾರಿಗೆ ಇದನ್ನು ಅಳವಡಿಸಿದರು. ಗಾಳಿ ಸೋರಿ ಬೇಸತ್ತ ಹಲವು ಮಾಲೀಕರು ಅದನ್ನು ಕಳಚಿಸಿ ಉಕ್ಕಿನ ಸುರುಳಿಯನ್ನೇ ಹಾಕಿಸಿಕೊಂಡದ್ದೂ ಉಂಟು. ಮರ್ಸಿಡಿಸ್-ಬೆಂಜ್ ಸಂಸ್ಥೆಯವರು 1961ರ 300 ಎಸ್‌ಇ ಎಂಬ ಮಾದರಿಯಲ್ಲಿ ಇದನ್ನು ತಂದರು. ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮರು (1922-2013) ದಶಕಗಳ ಕಾಲ ಅಕ್ಕರೆಯಿಂದ ಇಟ್ಟುಕೊಂಡಿದ್ದ, ಕರ್ನಾಟಕದ ನೋಂದಣಿ ಸಂಖ್ಯೆಯನ್ನೇ ಹೊತ್ತಿದ್ದ, 1950ರ ದಶಕದ ಬೆಂಜ್ 180 ಕಾರು ಇದಕ್ಕೆ ಮುಂಚಿನದು. ಅದರಲ್ಲಿದ್ದುದು ಉಕ್ಕಿನ ಸುರುಳಿ. ಅದು ಮುಪ್ಪಿನಲ್ಲೂ ನೆಟ್ಟಗೆ ನಿಲ್ಲಲು ಈ ಸರಳತೆಯೂ ಒಂದು ಕಾರಣವೆಂದು ನನ್ನ ಎಣಿಕೆ.

ಇನ್ನು ಭಾವನವರ ಕಥೆ. ಅವರು ಕಾಸರಗೋಡಿನ ಕಡೆಯ ಕನ್ನಡಿಗರು. ಮಟ್ಟಾಂಚೇರಿಯಲ್ಲಿ ಬಾಡಿಗೆಯ ಮನೆ. ಎರ್ನಾಕುಳದ ವ್ಯಾಪಾರಿಯೊಬ್ಬರಲ್ಲಿ ಚಾಲಕರ ಕೆಲಸ. ಮುದಲಾಳಿಯವರಲ್ಲಿ ಹದಿನೈದು ವರ್ಷಕ್ಕೆ ಮೇಲ್ಪಟ್ಟ ಪರದೇಶದ ದೊಡ್ಡ ಕಾರೊಂದಿತ್ತು. ಅವರ ವೃದ್ಧ ತಾಯಿಯವರನ್ನು ತಿಂಗಳಿಗೊಮ್ಮೆ ತಿರುವನಂತಪುರದ ಆಸ್ಪತ್ರೆಗೆ ಕರೆದೊಯ್ಯಬೇಕು. ಆಲಪ್ಪುಳ, ಕೊಲ್ಲಂಗಳ ಮೂಲಕ ಇನ್ನೂರು ಕಿಲೋಮೀಟರು ದಾರಿ. ಬೆನ್ನುನೋವಿನ ಆ ತಾಯಿಗೆ ಬೇರೆ ಗಾಡಿಯಲ್ಲಿ ಕುಳಿತಿರಲು ಆಗುತ್ತಿರಲಿಲ್ಲ.

ಅದೊಂದು ದಸರೆಯ ರಜೆಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಮನೆಯಲ್ಲಿ ನಗುವಿರಲಿಲ್ಲ. ಕಾರಿನ ಮುಂಬದಿಯ ಎಡಮೂಲೆಯು ಪ್ರತಿ ಬೆಳಗ್ಗೆಯೂ ಮಂಡಿಯೂರಿದ ಎತ್ತಿನಂತೆ ತಗ್ಗಿ ಕುಳಿತಿರುತ್ತಿತ್ತು. ದುರಸ್ತಿಯವರೊಬ್ಬರು ನೋಡಿ, ನಾಲ್ಕು ಚೀಲಗಳನ್ನೂ ಕಂಪ್ರೆಸರನ್ನೂ ಬದಲಿಸಬೇಕು, ಮೂರು ಲಕ್ಷಕ್ಕೆ ಮೇಲಾಗುತ್ತದೆ ಎಂದಿದ್ದರು. ಹೊಂಡದ ಏಟಿನಿಂದ ಹೀಗಾಗಿದೆಯೆಂದೂ ಸೇರಿಸಿದ್ದರು. ಮುದಲಾಳಿಯವರು, "ಆಲಪ್ಪುಳದ ಬಳಿ ಮಳೆಯಲ್ಲಿ ಗಾಡಿಯನ್ನು ಹೊಂಡಕ್ಕಿಳಿಸಿದವರು ನೀವೇ, ಖರ್ಚಿನಲ್ಲಿ ಒಂದು ಪಾಲನ್ನು ಸಂಬಳದಲ್ಲಿ ಹಿಡಿಯುತ್ತೇನೆ" ಎಂದುಬಿಟ್ಟಿದ್ದರು. ಅಕ್ಕ ಮಕ್ಕಳ ಶಾಲೆಯ ಶುಲ್ಕದ ಲೆಕ್ಕ ಹಾಕುತ್ತ ಕುಳಿತಿದ್ದಳು.

ಆದರೆ ಭಾವನವರ ಬಳಿ ಒಂದು ಪುಟ್ಟ ಪುಸ್ತಕವಿತ್ತು. ಗಾಡಿ ತುಸು ಓರೆಯಾಗಿ ಕಂಡ ಮೊದಲ ದಿನದಿಂದಲೇ ಅವರು ದರ್ಜಿಯ ಟೇಪಿನಿಂದ ಗಾಲಿಯ ನಡುಬಿಂದುವಿಗೂ ಅದರ ಮೇಲಿನ ಮಡ್‌ಗಾರ್ಡಿನ ಅಂಚಿಗೂ ಇರುವ ಅಂತರವನ್ನು ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ಅಳೆದು ಬರೆಯುತ್ತಿದ್ದರು. ನೆಲ ಸಮತಟ್ಟಾಗಿರಬೇಕು, ಪ್ರತಿ ಸಲವೂ ಒಂದೇ ಜಾಗವಿರಬೇಕು. ಗಾಲಿಯ ನಡುಬಿಂದುವಿನಿಂದ ಅಳೆಯುವುದರಿಂದ ಟಯರಿನ ಗಾಳಿ ಹೆಚ್ಚು ಕಡಿಮೆಯಾದರೂ ಲೆಕ್ಕ ಕೆಡುವುದಿಲ್ಲ. ನಾನು ನೋಡಿದ ದಿನದ ಅಂಕಿಗಳಿವು: ಮುಂದಿನ ಎಡಗಾಲಿ ರಾತ್ರಿ 38 ಸೆಂಟಿಮೀಟರು, ಬೆಳಗ್ಗೆ 31, ಮುಂದಿನ ಬಲಗಾಲಿ 38, 37½, ಹಿಂದಿನವೆರಡೂ 37, 36½.

ಅರ್ಧ ಸೆಂಟಿಮೀಟರಿನ ಇಳಿತ ಎಲ್ಲ ಗಾಲಿಗಳಲ್ಲಿಯೂ ಇದೆಯಲ್ಲ, ಅದೇನೆಂದು ನಾನು ಕೇಳಿದೆ. ಉತ್ತರವನ್ನು ನಾನೇ ಹೇಳಬೇಕಾಯಿತು, ಏಕೆಂದರೆ ಅದು ನಮ್ಮ ಪಾಠದ ವಿಷಯ. ಸಂಜೆ 32 ಡಿಗ್ರಿ ಇದ್ದ ಗಾಳಿ ಮುಂಜಾನೆಗೆ 24 ಡಿಗ್ರಿಗೆ ತಣಿದರೆ, ನಿರಪೇಕ್ಷ ಮಾನದಲ್ಲಿ 305ರಿಂದ 297ಕ್ಕೆ ಇಳಿದಂತಾಯಿತು. ಗಾತ್ರವು ನೂರಕ್ಕೆ ಎರಡೂವರೆಯಷ್ಟು ಕುಗ್ಗುತ್ತದೆ. ಇಪ್ಪತ್ತು ಸೆಂಟಿಮೀಟರು ಎತ್ತರದ ಗಾಳಿಯ ಕಂಬದಲ್ಲಿ ಅದು ಅರ್ಧ ಸೆಂಟಿಮೀಟರು. ಅದು ರೋಗವಲ್ಲ. ಏಳು ಸೆಂಟಿಮೀಟರು ರೋಗ.

ಅಂಕಿಗಳನ್ನು ಓದುವ ಬಗೆ ಹೀಗೆ. ಒಂದೇ ಮೂಲೆ ಇಳಿದರೆ ಆ ಮೂಲೆಯ ಚೀಲ, ಅದರ ಕೊಳವೆ, ಕೊಳವೆಯ ಗಂಟು, ಅಥವಾ ಆ ಕೊಳವೆಯ ಬಾಗಿಲಾದ ವಾಲ್ವು, ಇವುಗಳಲ್ಲೊಂದು ಸೋರುತ್ತಿದೆ. ಹಲವು ಮೂಲೆಗಳು ಒಟ್ಟಿಗೆ ಇಳಿದರೆ ಎಲ್ಲ ವಾಲ್ವುಗಳನ್ನು ಹೊತ್ತ ಪೆಟ್ಟಿಗೆಯ ಮೇಲೆ ಶಂಕೆ. ಸೋರಿಕೆಯೇ ಇಲ್ಲದೆ ಗಾಡಿ ಓರೆಯಾಗಿ ಅಥವಾ ಅತಿ ಎತ್ತರವಾಗಿ ನಿಂತರೆ, ಎತ್ತರವನ್ನು ಅಳೆದು ತಿಳಿಸುವ ಸೆನ್ಸರು ಸುಳ್ಳು ಹೇಳುತ್ತಿರಬಹುದು. ಅದರ ಪುಟ್ಟ ಸರಳು ಉಪ್ಪುಗಾಳಿಗೆ ತುಕ್ಕು ಹಿಡಿದು ಮುರಿಯುವುದು ಕಡಲ ತಡಿಯ ಊರಿನಲ್ಲಿ ಹೊಸದಲ್ಲ. ಇಂಜಿನು ಚಾಲೂ ಮಾಡಿದ ಮೇಲೆ ಗಾಡಿ ತಾನಾಗಿ ಎದ್ದು ನಿಂತರೆ ಕಂಪ್ರೆಸರಿಗೆ ಇನ್ನೂ ಜೀವವಿದೆಯೆಂದು ಅರ್ಥ. ಮುದಲಾಳಿಯವರ ಕಾರು ಏಳುತ್ತಿತ್ತು. ಆದರೆ ಮೊದಲು ಅರ್ಧ ನಿಮಿಷದಲ್ಲಿ ಏಳುತ್ತಿದ್ದುದು ಈಗ ಎರಡು ನಿಮಿಷ ನರಳುತ್ತಿತ್ತು.

ತಿರುವನಂತಪುರದ ಪಯಣದ ದಿನ ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ತಾಯಿಯವರನ್ನು ಇಳಿಸಿ, ಮುದಲಾಳಿಯವರ ಅಪ್ಪಣೆ ಪಡೆದು, ಕರಮನೆಯ ಬಳಿಯ ಒಬ್ಬ ಹಿರಿಯ ಮೆಕ್ಯಾನಿಕರಲ್ಲಿಗೆ ಹೋದೆವು. ಶಿಷ್ಯರೆಲ್ಲ ಅವರನ್ನು 'ಆಶಾನ್' ಎನ್ನುತ್ತಿದ್ದರು, ಎಂದರೆ ಗುರುಗಳು. ಅವರು ಗಾಡಿಯನ್ನು ಮುಟ್ಟುವ ಮೊದಲು ಪುಸ್ತಕವನ್ನು ಓದಿದರು. ಕನ್ನಡ ಬಾರದಿದ್ದರೇನು, ಅಂಕಿಗಳು ಎಲ್ಲರಿಗೂ ಒಂದೇ.

ಆಮೇಲೆ ಅವರು ಮಾಡಿದ ಮೊದಲ ಕೆಲಸವನ್ನು ನೀವು ಚೆನ್ನಾಗಿ ನೆನಪಿಡಬೇಕು. ಗಾಡಿಯ ಚೌಕಟ್ಟಿನ ಕೆಳಗೆ ಉಕ್ಕಿನ ಗಟ್ಟಿ ಊರುಗಾಲುಗಳನ್ನು ಕೊಟ್ಟರು. ಗಾಳಿಯ ಮೇಲೆ ನಿಂತ ಗಾಡಿ ಯಾವ ಗಳಿಗೆಯಲ್ಲಿಯೂ ಕುಸಿಯಬಹುದು; ಬರಿಯ ಜಾಕಿಯನ್ನು ನಂಬಿ ಅದರ ಕೆಳಗೆ ನುಸುಳಿದವನು ಹೊರಗೆ ಬರುವನೆಂಬ ಭರವಸೆಯಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹಾಕುವುದೂ ಅಷ್ಟೇ ಅಪಾಯ. ಶಿಷ್ಯನೊಬ್ಬ ಅವಸರದಿಂದ ಬಗ್ಗಿದಾಗ ಆಶಾನ್ ಗದರಿಸಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ತರುವಾಯ ಸಾಬೂನಿನ ನೀರು. ಒಂದು ಸಿಂಪಡಿಸುವ ಬಾಟಲಿಯಲ್ಲಿ ನೀರಿಗೆ ಪಾತ್ರೆ ತೊಳೆಯುವ ಸಾಬೂನು ಬೆರೆಸಿ, ಗಾಡಿಯನ್ನು ಪೂರ್ತಿ ಎತ್ತರಕ್ಕೇರಿಸಿ, ಚೀಲದ ಮಡಿಕೆಗಳ ಮೇಲೆ ಚಿಮುಕಿಸಿದರು. ಗುಳ್ಳೆ ಬರಲಿಲ್ಲ. ಗಾಡಿಯನ್ನು ತಗ್ಗಿಸಿ ಮತ್ತೆ ಚಿಮುಕಿಸಿದರು. ರಬ್ಬರು ಮಡಚುವ ಜಾಗ ಎತ್ತರಕ್ಕೆ ತಕ್ಕಂತೆ ಬದಲಾಗುವುದರಿಂದ, ಎದ್ದಾಗ ಮುಚ್ಚಿದ ಬಿರುಕು ಕುಳಿತಾಗ ಬಾಯಿ ಬಿಡುವುದುಂಟು. ಆಗಲೂ ಗುಳ್ಳೆಯಿಲ್ಲ. ವಾಲ್ವುಗಳ ಪೆಟ್ಟಿಗೆಯೂ ಸುಮ್ಮನಿತ್ತು. ಕೊನೆಗೆ ಕೊಳವೆಯ ಜಾಡು ಹಿಡಿದು ಹೋದಾಗ, ಚೀಲಕ್ಕಿಂತ ಗೇಣುದ್ದ ಈಚೆಗೆ, ಕಬ್ಬಿಣದ ಪಟ್ಟಿಯೊಂದಕ್ಕೆ ತಾಗಿಕೊಂಡಿದ್ದ ಎಡೆಯಲ್ಲಿ, ಸಾಸಿವೆ ಕಾಳಿನಂತಹ ಗುಳ್ಳೆಗಳು ಒಂದರ ಹಿಂದೊಂದು ಮೂಡತೊಡಗಿದವು. ನೈಲಾನಿನ ಆ ಸಣ್ಣ ಕೊಳವೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ಒಂದು ಬದಿ ಚಪ್ಪಟೆಯಾಗಿತ್ತು. ಉಜ್ಜಿದ ಜಾಗದಲ್ಲಿ ಹಳೆಯ ಕೊಳೆ ಕೂತಿತ್ತು. ಕೊಳವೆಯನ್ನು ತಪ್ಪಿಸಿ ಹಿಡಿಯಬೇಕಾದ ಹಿಡಿಕೆ ಎಂದೋ ಕಳಚಿಹೋಗಿತ್ತು.

"ಇಷ್ಟಕ್ಕೇ ಮೂರು ಲಕ್ಷವೇ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಆಶಾನ್ ನಗಲಿಲ್ಲ. ಕೆಟ್ಟ ಭಾಗವನ್ನು ಕತ್ತರಿಸಿ, ತುದಿಯನ್ನು ನೇರವಾಗಿ ಕೊಯ್ದು ಹೊಸ ಗಂಟು ಕೂಡಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಆ ತೂತು ತಾನೊಂದೇ ಇರುವುದಿಲ್ಲ ಎಂದರು. ಅವರ ವಿವರಣೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಂಪ್ರೆಸರು ಒಂದೆರಡು ನಿಮಿಷ ದುಡಿದು ಆರಲು ಕಟ್ಟಿದ ಯಂತ್ರ. ಸೋರಿಕೆಯಿದ್ದರೆ ಅದು ಮತ್ತೆ ಮತ್ತೆ ದುಡಿಯಬೇಕು. ಕಾದು, ಅದರ ಪಿಸ್ಟನ್ನಿನ ಬಳೆ ಸವೆಯುತ್ತದೆ. ಅದಕ್ಕೆ ವಿದ್ಯುತ್ತನ್ನು ಬಿಡುವ ರಿಲೇಯ ಒಳಗಿನ ಮೊನೆಗಳು ಸುಟ್ಟು ಕರಿಕಾಗುತ್ತವೆ, ಒಮ್ಮೊಮ್ಮೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸೆದುಕೊಂಡರೆ ಕಂಪ್ರೆಸರು ನಿಲ್ಲದೆ ಓಡಿ ಸತ್ತುಹೋಗುತ್ತದೆ. ಹೊಸ ಕಂಪ್ರೆಸರನ್ನು ಹಾಕಿಸಿ ಸೋರಿಕೆಯನ್ನು ಹಾಗೆಯೇ ಬಿಟ್ಟವನು ಕೆಲವು ತಿಂಗಳಿಗೆ ಇನ್ನೊಂದನ್ನು ಕೊಳ್ಳುತ್ತಾನೆ.

ಇನ್ನೂ ಒಂದು ಸೂಕ್ಷ್ಮವಿದೆ. ಇದು ಕೇರಳದಂತಹ ನೀರೂರಿನಲ್ಲಿ ಬಹಳ ಮುಖ್ಯ. ಕೊಚ್ಚಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಜೂನಿನ ಮುಂಗಾರು ಮುಗಿದು ಉಸಿರಾಡುವಷ್ಟರಲ್ಲಿ ತುಲಾವರ್ಷದ ಗುಡುಗು. ಕಂಪ್ರೆಸರು ಸೇದುವ ಗಾಳಿಯಲ್ಲಿ ನೀರಿನ ಆವಿ ತುಂಬಿರುತ್ತದೆ. ಅದನ್ನು ಹೀರಲು ಒಳಗೆ ಸಿಲಿಕಾ ಜೆಲ್ಲಿನಂತಹ ಹರಳುಗಳ ಡಬ್ಬಿಯಿದೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರಲ್ಲ, ಅದೇ ಜಾತಿ. ಹರಳುಗಳು ನೆನೆದ ಮೇಲೆ ಒಣಗುವುದು ಹೇಗೆ? ಗಾಡಿ ತಗ್ಗುವಾಗ ಚೀಲದ ಒಣಗಾಳಿ ಅದೇ ಡಬ್ಬಿಯ ಮೂಲಕ ಹಿಂದಕ್ಕೆ ಹೊರಹೋಗುತ್ತ ತೇವವನ್ನು ಹೊತ್ತೊಯ್ಯುತ್ತದೆ. ಸೋರುವ ಗಾಡಿಯಲ್ಲಾದರೋ ಗಾಳಿ ತೂತಿನಿಂದಲೇ ಕಳ್ಳದಾರಿ ಹಿಡಿಯುವುದರಿಂದ ಹರಳುಗಳಿಗೆ ಒಣಗುವ ಅವಕಾಶವೇ ಇಲ್ಲ. ನೆನೆದ ಹರಳು ಪುಡಿಯಾಗಿ, ನೀರಿನೊಡನೆ ವಾಲ್ವುಗಳೊಳಗೆ ಸೇರಿ, ಅಲ್ಲಿ ತುಕ್ಕು ಹತ್ತಿಸುತ್ತದೆ. ಸಾಸಿವೆಯಷ್ಟು ಗುಳ್ಳೆಯಿಂದ ಇಷ್ಟೆಲ್ಲ.

ಕಂಪ್ರೆಸರು ಏಳಲೇ ಇಲ್ಲವೆಂದಾದರೆ? ಮೊದಲು ಫ್ಯೂಸು, ಆಮೇಲೆ ರಿಲೇ, ಆಮೇಲೆ ತಂತಿಯ ಕೊನೆಯಲ್ಲಿ 12 ವೋಲ್ಟು ಬರುತ್ತಿದೆಯೇ ಎಂದು ದೀಪವಿಟ್ಟು ನೋಡುವುದು. ವಿದ್ಯುತ್ತು ಬಂದೂ ತಿರುಗದಿದ್ದರೆ ಮಾತ್ರ ಮೋಟರಿನ ಮೇಲೆ ದೂರು. ಅಗ್ಗದ್ದನ್ನು ಮೊದಲು, ದುಬಾರಿಯದನ್ನು ಕೊನೆಗೆ. ಇಂದಿನ ಸ್ಕ್ಯಾನರು ಯಂತ್ರವನ್ನು ಜೋಡಿಸಿದರೆ ದೋಷದ ಸಂಕೇತ ತೋರುತ್ತದೆ, ನಿಜ. ಆದರೆ ಅದು 'ಎತ್ತರ ಬರಲು ಬಹಳ ಹೊತ್ತಾಯಿತು' ಎಂದಷ್ಟೇ ಹೇಳಬಲ್ಲುದು. ಗುಳ್ಳೆ ಎಲ್ಲಿದೆಯೆಂದು ಹೇಳಲಾರದು.

ಆ ದಿನ ಕೊಳವೆಯ ಗಂಟು, ಹಿಡಿಕೆ, ರಿಲೇ ಹೊಸವಾದವು. ಕಂಪ್ರೆಸರಿನ ಬಳೆ ಮತ್ತು ಹರಳುಗಳನ್ನು ಮುಂದಿನ ತಿಂಗಳ ಪಯಣದಲ್ಲಿ ಬದಲಿಸುವುದೆಂದಾಯಿತು. ಎಲ್ಲ ಸೇರಿ ಹತ್ತೊಂಬತ್ತು ಸಾವಿರ ರೂಪಾಯಿಯೊಳಗೆ ಮುಗಿಯಿತು.

ಹಣಕ್ಕಿಂತ ದೊಡ್ಡದು ದೂರಿನ ಮಾತು. ಭಾವನವರು ಮುದಲಾಳಿಯವರ ಮುಂದೆ ವಾದಿಸಲಿಲ್ಲ. ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟರು. ಎಡಗಾಲಿ ಎರಡು ಸೆಂಟಿಮೀಟರು ತಗ್ಗಿದೆಯೆಂಬ ಮೊದಲ ಬರಹದ ತಾರೀಖು ಆಲಪ್ಪುಳದ ಹೊಂಡಕ್ಕಿಂತ ಹನ್ನೊಂದು ದಿನ ಮುಂಚಿನದು. ಅಲ್ಲಿಂದ ಮೂರು, ನಾಲ್ಕೂವರೆ, ಏಳು ಎಂದು ಮೆಲ್ಲಮೆಲ್ಲನೆ ಏರಿತ್ತು. ಹೊಂಡದ ಏಟಾಗಿದ್ದರೆ ಆ ದಿನವೇ ಒಮ್ಮೆಲೆ ಜಿಗಿಯಬೇಕಿತ್ತು. ಆ ದಿನದ ಅಂಕಿ ಹಿಂದಿನ ದಿನದ್ದೇ ಇತ್ತು. ಮುದಲಾಳಿಯವರು ಎರಡು ಸಲ ಹಾಳೆ ತಿರುವಿ ನೋಡಿ, ಕತ್ತರಿಸಿದ ಕೊಳವೆಯ ತುಂಡನ್ನು ಬೆರಳಿನಿಂದ ಸವರಿ, ಸಂಬಳದ ಮಾತನ್ನು ಕೈಬಿಟ್ಟರು. ತಪ್ಪಾಯಿತೆಂದು ಹೇಳಲಿಲ್ಲ. ಮರುದಿನ ಒಂದು ಹೊಸ ಪುಸ್ತಕವನ್ನೂ ಉಕ್ಕಿನ ಟೇಪನ್ನೂ ತಾವೇ ತರಿಸಿಕೊಟ್ಟರು.

ಕಳೆದ ರಜೆಯಲ್ಲಿ ಹೋದಾಗ ನಾನು ಆ ಪುಸ್ತಕವನ್ನು ತಿರುವಿದೆ. ಮುಂದಿನ ಎಡಗಾಲಿ ರಾತ್ರಿ 38, ಬೆಳಗ್ಗೆ 37½. ಹಿಂದಿನ ಬಲಗಾಲಿಯ ಸಾಲಿನಲ್ಲಿ 35½ ಎಂದು ಬರೆದು, ಭಾವನವರು ಅದರ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದರು. ಸಾಬೂನಿನ ನೀರಿನ ಬಾಟಲಿ ಕಿಟಕಿಯ ಕಟ್ಟೆಯ ಮೇಲಿತ್ತು.