ಫೋಟೊ ಮೇಲೆ ಕುಂಚ

ಕಲರ್ ಫಿಲಂ ಮನೆಮಾತಾಗುವ ಮುಂಚೆ ಫೋಟೊಕ್ಕೆ ಬಣ್ಣ ಹಚ್ಚುವುದೇ ಒಂದು ಕಸುಬಾಗಿತ್ತು. ಕಪ್ಪು-ಬಿಳುಪು ಪ್ರಿಂಟನ್ನು ಮೇಜಿನ ಮೇಲಿಟ್ಟುಕೊಂಡು, ಕಡ್ಡಿಗೆ ಸುತ್ತಿದ ಹತ್ತಿಯಿಂದ ಕೆನ್ನೆಗೆ ತೆಳು ಗುಲಾಬಿ ಸವರಿ, ಸಣ್ಣ ಕುಂಚದ ತುದಿಯಿಂದ ಸೀರೆಯ ಅಂಚನ್ನು ಎತ್ತಿ ತೋರಿಸುತ್ತಿದ್ದರು. ಹಳೇ ಮನೆಗಳ ನಡುಮನೆಯಲ್ಲಿ ಅಂಥ ಮದುವೆ ಫೋಟೊಗಳು ಈಗಲೂ ಸಿಗುತ್ತವೆ. ಹತ್ತೊಂಬತ್ತನೇ ಶತಮಾನದ ರಾಜಸ್ಥಾನದ ಚಿತ್ರಗಾರರದು ಇನ್ನೂ ಧಾರಾಳದ ಕೈ. ಪುಟ್ಟ ಚಿತ್ರಗಳಲ್ಲಿ ಪಳಗಿದ ಅವರು ದಪ್ಪ ಬಣ್ಣದಲ್ಲಿ ಒಡವೆ, ಜರಿ, ಜಮಖಾನೆಗಳನ್ನೆಲ್ಲ ತುಂಬಿಬಿಡುತ್ತಿದ್ದರು. ಎಷ್ಟೋ ಪ್ರಿಂಟುಗಳಲ್ಲಿ ಮುಖವೊಂದನ್ನು ಬಿಟ್ಟರೆ ಫೋಟೊ ಕಾಣುವುದೇ ಇಲ್ಲ.

ನಮ್ಮಲ್ಲಿ ಇನ್ನೊಂದು ದಾರಿಯೂ ಇತ್ತು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಗಳನ್ನು ಬರೆದದ್ದು ನಿಜವಾದ ಫೋಟೊಗಳನ್ನು ಮುಂದಿಟ್ಟುಕೊಂಡು. ಅಲ್ಲಿ ಫೋಟೊ ಬರಿಯ ಆಧಾರ, ಕೊನೆಗೆ ಉಳಿದದ್ದು ಬಣ್ಣ. ಹಾಗಾಗಿ ಫೋಟೊ ಮತ್ತು ಪೇಂಟಿಂಗ್ ಸೇರಿಸಿ ಪ್ರಾಜೆಕ್ಟ್ ಮಾಡುತ್ತೇನೆಂದು ಹೊರಟ ವಿದ್ಯಾರ್ಥಿ ಹೊಸ ನೆಲ ಅಗೆಯಬೇಕಿಲ್ಲ. ಅಗೆದಿಟ್ಟ ನೆಲದಲ್ಲಿ ಏನು ಬಿತ್ತುವುದೆಂದು ತೀರ್ಮಾನಿಸಿದರೆ ಸಾಕು.

ಹೆಚ್ಚಿನ ಪ್ರಾಜೆಕ್ಟುಗಳು ಎಡವುವುದು ಇಲ್ಲೇ. ಅರ್ಧ ಮುಖ ಫೋಟೊ, ಉಳಿದರ್ಧ ಅದರದೇ ನಕಲು ಪೇಂಟಿಂಗ್: ಕಲಾ ಶಾಲೆಗಳ ಪ್ರದರ್ಶನಗಳಲ್ಲಿ ಇದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಕೈಚಳಕವೇನೋ ಇರುತ್ತದೆ. ಆದರೆ ಫೋಟೊ ಆಗಲೇ ಹೇಳಿದ್ದನ್ನು ಕುಂಚ ಮತ್ತೆ ಹೇಳಿದರೆ ನೋಡುವವರಿಗೆ ಸಿಕ್ಕಿದ್ದೇನು? ಈ ಜಾಗದಲ್ಲಿ ಕ್ಯಾಮೆರಾಕ್ಕೆ ಸಿಗದೆ ಉಳಿದದ್ದು ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ಉತ್ತರ ಸಿಕ್ಕ ಮೇಲೆ ಕುಂಚ ತೆಗೆದರಾಯಿತು.

ಈ ಪ್ರಶ್ನೆಗೆ ಸಿಕ್ಕ ಒಂದು ಒಳ್ಳೆಯ ಉತ್ತರ ‘ಫೀಲ್ಡ್ಸ್ ಆಫ್ ಸೈಟ್’ ಎಂಬ ಸರಣಿ. ಛಾಯಾಗ್ರಾಹಕಿ ಗೌರಿ ಗಿಲ್ 2013ರಲ್ಲಿ ಮಹಾರಾಷ್ಟ್ರದ ಡಹಾಣು ಕಡೆಯ ಗಂಜಾಡ್ ಹಳ್ಳಿಗೆ ಹೋಗಿದ್ದರು. ವಾರ್ಲಿ ಚಿತ್ರಕಾರ ರಾಜೇಶ್ ವಾಂಗಡ್ ಅವರದು ಅದೇ ಊರು. ವಾಂಗಡ್ ಊರು ಸುತ್ತಿಸಿ ಒಂದೊಂದು ಜಾಗದ ಕತೆ ಹೇಳಿದರು, ಗಿಲ್ ಆಯಾ ಜಾಗದಲ್ಲಿ ವಾಂಗಡ್ ಅವರನ್ನೇ ನಿಲ್ಲಿಸಿ ಫೋಟೊ ತೆಗೆದರು. ಪ್ರಿಂಟು ನೋಡಿದರೆ ಬಯಲಿದೆ, ಗುಡ್ಡವಿದೆ, ಕೇಳಿದ ಕತೆ ಮಾತ್ರ ಇಲ್ಲ. ಆಗ ಆ ಕಪ್ಪು-ಬಿಳುಪು ಪ್ರಿಂಟುಗಳ ಮೇಲೆಯೇ ವಾಂಗಡ್ ಸೂಜಿಮೊನೆಯಷ್ಟು ಸಣ್ಣ ಗೆರೆಗಳಲ್ಲಿ ಚಿತ್ರ ಬರೆದರು. ಬರಿದಾಗಿದ್ದ ಆಕಾಶದಲ್ಲಿ, ಗುಡ್ಡದ ಮೈಮೇಲೆ ಮರ, ಪ್ರಾಣಿ, ಜನ, ದೇವರು ತುಂಬಿಕೊಂಡರು. ಗೆರೆ ಎಲ್ಲಿ ಬೇಕೆಂದು ಗೊತ್ತಿದ್ದದ್ದು ಆ ನೆಲದಲ್ಲಿ ಬೆಳೆದವರಿಗೆ.

ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ಅವರ ರೀತಿ ಬೇರೆ. ಲ್ಯಾಬಿನಿಂದ ಬಂದ ಸಾಧಾರಣ ಅಳತೆಯ ಮನೆಮಂದಿಯ ಫೋಟೊಗಳನ್ನು, ದೊಡ್ಡ ಕ್ಯಾನ್‌ವಾಸಿನ ಕೆಲಸದಲ್ಲಿ ಮಿಕ್ಕ ಹಸಿ ಬಣ್ಣದ ಮೇಲೆ ಎಳೆದುಬಿಡುವುದು. ನೋಡಲು ಸುಲಭ, ಅದಕ್ಕೇ ವಿದ್ಯಾರ್ಥಿಗಳಿಗೆ ಅಪಾಯಕಾರಿ. ಬೆಂಗಳೂರಿನ ಪುಷ್ಪಮಾಲಾ ಎನ್. ಬಂದದ್ದು ಎದುರು ದಿಕ್ಕಿನಿಂದ: ರವಿವರ್ಮನ ಪೇಂಟಿಂಗಿನ ಹೆಣ್ಣಾಗಿ ತಾವೇ ವೇಷ ತೊಟ್ಟು, ಬರೆದ ಪರದೆಯ ಮುಂದೆ ನಿಂತು, ಚಿತ್ರವನ್ನು ಫೋಟೊ ಮಾಡಿದರು.

ಈಗ ಒಂದು ಪ್ರಾಜೆಕ್ಟನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಇರುವ ಕಡೆ ಹಿಂದೆ ಇದ್ದದ್ದು ಸಂಪಂಗಿ ಕೆರೆ. ಸುತ್ತ ತಿಗಳರ ತೋಟಗಳು ಆ ನೀರಿನಿಂದ ಬೆಳೆಯುತ್ತಿದ್ದವು. ಕೆರೆ ಹೋಗಿ ಒಂದು ಪುಟ್ಟ ಕೊಳವಷ್ಟೇ ಉಳಿದಿದೆ, ಕರಗದ ವಿಧಿಗಳಲ್ಲಿ ಅದಕ್ಕೆ ಈಗಲೂ ಪಾಲಿದೆ. ಫೋಟೊದಲ್ಲಿ ಬರುವುದು ರಸ್ತೆ, ಕಾಂಪೌಂಡು, ಆಟೊಗಳ ಸಾಲು. ಕುಂಚಕ್ಕೆ ಬಿಟ್ಟ ಕೆಲಸ, ನೀರು.

ಹಾಗೆಂದು ಮೊದಲೇ ಗೊತ್ತಿದ್ದರೆ ಫೋಟೊ ತೆಗೆಯುವ ಬಗೆಯೇ ಬದಲಾಗುತ್ತದೆ. ಕೆಳಗಿನ ಅರ್ಧಕ್ಕೆ ಖಾಲಿ ಡಾಂಬರು ಬರುವಂತೆ ಫ್ರೇಮು ಹಿಡಿಯಬೇಕು, ಇಲ್ಲದಿದ್ದರೆ ಬಣ್ಣಕ್ಕೆ ಜಾಗ ಸಿಗದು. 12 ಮೆಗಾಪಿಕ್ಸೆಲ್ ಫೋನಿನ ಫೋಟೊ ಸುಮಾರು 4000×3000 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 13×10 ಇಂಚಿನ ಪ್ರಿಂಟು ಧಾರಾಳವಾಗಿ ಬರುತ್ತದೆ, ಅಂದರೆ ಎ4ಗಿಂತ ದೊಡ್ಡದು. ಎ3 ಬೇಕೆಂದರೆ 240ರ ಲೆಕ್ಕವೂ ಸಾಕು, ಹೇಗೂ ಮೇಲೆ ಬಣ್ಣ ಬೀಳುತ್ತದಲ್ಲ. ಅಂಗಡಿಗೆ ಮಾತ್ರ ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಕುಗ್ಗಿಹೋಗುತ್ತದೆ. ಪೆನ್ ಡ್ರೈವಿನಲ್ಲಿ ಮೂಲ ಫೈಲನ್ನೇ ಒಯ್ಯಿರಿ.

ಮುಂದಿನದು ಕಾಗದ. ಚೆನ್ನಾದ ಕಲ್ಪನೆಗಳು ನೀರುಪಾಲಾಗುವುದು ಇಲ್ಲೇ. ಲ್ಯಾಬಿನ ಹೊಳಪು ಫೋಟೊ ಪೇಪರಿಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಜಲವರ್ಣ ಅದರ ಮೇಲೆ ಹನಿಹನಿಯಾಗಿ ಉರುಳುತ್ತದೆ, ಅಕ್ರಿಲಿಕ್ ಒಣಗಿದ ಮೇಲೆ ಉಗುರು ತಾಗಿದರೆ ಸಿಪ್ಪೆಯಂತೆ ಏಳುವುದುಂಟು. ಹೊಳಪಿಲ್ಲದ ಮ್ಯಾಟ್ ಕಾಗದ, ಅದೂ 200 ಜಿಎಸ್ಎಂ ಮೇಲಿನ ದಪ್ಪದ್ದು, ಬಣ್ಣ ಹಿಡಿಯುತ್ತದೆ. ಇಂಕಿನಲ್ಲೂ ಭೇದವಿದೆ. ಇಂಕ್‌ಜೆಟ್ ಪ್ರಿಂಟರಿನ ಡೈ ಇಂಕು ನೀರಿಗೆ ಕರಗಿ ಹರಡುತ್ತದೆ, ಪಿಗ್ಮೆಂಟ್ ಇಂಕು ಬಹುಮಟ್ಟಿಗೆ ನಿಲ್ಲುತ್ತದೆ. ಲೇಸರ್ ಪ್ರಿಂಟಿನ ಟೋನರ್ ಪ್ಲಾಸ್ಟಿಕ್ ಪುಡಿಯಾದ್ದರಿಂದ ನೀರಿಗೆ ಜಗ್ಗದು. ಯಾವ ಇಂಕೆಂದು ಅಂಗಡಿಯವರಿಗೇ ಗೊತ್ತಿಲ್ಲದಿದ್ದರೆ ಒಂದು ಚೂರು ಪ್ರಿಂಟು ಹಾಕಿಸಿ, ಕಪ್ಪಿರುವ ಕಡೆ ಒಂದು ಹನಿ ನೀರು ಬಿಡಿ. ಒಂದು ನಿಮಿಷ ಕಾದು ಬೆರಳಿನಿಂದ ಉಜ್ಜಿ. ಬೆರಳಿಗೆ ಮಸಿ ಬಂದು ಹನಿಯ ಸುತ್ತ ನೇರಳೆ ಅಂಚು ಮೂಡಿದರೆ ಅದು ಡೈ ಇಂಕು. ಹಾಗಿದ್ದರೆ ಬಣ್ಣ ಹಚ್ಚುವ ಮೊದಲು ಫಿಕ್ಸೇಟಿವ್ ಸ್ಪ್ರೇಯನ್ನು ತೆಳುವಾಗಿ ಎರಡು ಮೂರು ಸಲ ಹೊಡೆದು ಒಣಗಿಸಬೇಕು. ಸ್ಪ್ರೇ ಹೊಡೆಯುವುದು ಕೋಣೆಯಲ್ಲಲ್ಲ, ಹೊರಗೆ ಗಾಳಿಯಲ್ಲಿ.

ಪ್ರಿಂಟಿಗೆ ಕೊಡುವ ಮುಂಚೆ ಫೈಲನ್ನು ಕೊಂಚ ತಿಳಿಯಾಗಿಸಿ. ಪಾರದರ್ಶಕ ಬಣ್ಣಕ್ಕೆ ಕೆಳಗಿನದನ್ನು ಕಪ್ಪಾಗಿಸುವುದು ಗೊತ್ತೇ ಹೊರತು ತಿಳಿಯಾಗಿಸುವುದು ಗೊತ್ತಿಲ್ಲ. ಕಡುಕಪ್ಪು ಡಾಂಬರಿನ ಮೇಲೆ ಜಲವರ್ಣದ ನೀಲಿ ಎಳೆದರೆ ನೀಲಿ ಕಾಣುವುದೇ ಇಲ್ಲ. ಬೆಳಕು ಬೇಕಾದ ಕಡೆ ಪೋಸ್ಟರ್ ಕಲರ್ ಅಥವಾ ಅಕ್ರಿಲಿಕ್ ಬಿಳಿಯ ಸಹಾಯ ಬೇಕು. ನೀರೆಂದರೆ ನೀಲಿ ಎಂಬ ಅಭ್ಯಾಸವನ್ನೂ ಬಿಡಬೇಕು. ಉಳಿದಿರುವ ಆ ಕೊಳದ ಮುಂದೆ ಕೂತು ನೋಡಿದರೆ ಪಾಚಿಯ ಹಸಿರು, ಮಣ್ಣಿನ ಕಂದು, ಮೋಡದ ಬೂದಿ ಎಲ್ಲ ಸಿಗುತ್ತವೆ.

ಫೋಟೊ ಮತ್ತು ಬಣ್ಣ ಕೂಡುವ ಅಂಚಿನಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಆಟೊದ ನೆರಳು ಬಿಸಿಲಿನ ದಿಕ್ಕಿಗೆ ತಕ್ಕಂತೆ ಓರೆಯಾಗಿ ಬೀಳುತ್ತದೆ. ನಿಂತ ನೀರಿನಲ್ಲಿ ಅದರ ಪ್ರತಿಬಿಂಬ ಹಾಗಲ್ಲ, ಬಿಸಿಲು ಯಾವ ಕಡೆಯಿದ್ದರೂ ನೇರ ಕೆಳಕ್ಕೇ ಇಳಿಯುತ್ತದೆ. ಎರಡನ್ನೂ ಒಂದೇ ಓರೆಯಲ್ಲಿ ಬರೆದರೆ ನೀರು ನೀರಾಗುವುದಿಲ್ಲ, ಏನೋ ಸರಿಯಿಲ್ಲ ಎಂದಷ್ಟೇ ನೋಡುವವರಿಗೆ ಅನ್ನಿಸುತ್ತದೆ. ಆದ್ದರಿಂದ ಮೊದಲು ಕ್ರೀಟಾ, ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ಫೋಟೊದ ಮೇಲೊಂದು ಲೇಯರ್ ಹಾಕಿ ಬರೆದು ನೋಡುವುದು ಲೇಸು. ಅಲ್ಲಿ ಅಳಿಸಿದರೆ ಖರ್ಚಿಲ್ಲ. ಆದರೆ ಕೊನೆಯ ಕೆಲಸ ಕೈಯಲ್ಲೇ ಆಗಲಿ ಎನ್ನುವುದು ನನ್ನ ಹಟ: ಕಾಗದದ ಮೇಲೆ ಎದ್ದು ನಿಂತ ಬಣ್ಣದ ದಪ್ಪವನ್ನು ಯಾವ ಸ್ಕ್ರೀನೂ ಕೊಡುವುದಿಲ್ಲ. ಹಚ್ಚುವ ಮುಂಚೆ ಪ್ರಿಂಟಿನ ನಾಲ್ಕೂ ಅಂಚುಗಳನ್ನು ಬೋರ್ಡಿಗೆ ಟೇಪಿನಿಂದ ಅಂಟಿಸಿದರೆ ಕಾಗದ ಸುರುಳಿಯಾಗದು. ಒಂದೇ ಫೋಟೊದ ನಾಲ್ಕೈದು ಪ್ರಿಂಟು ಇಟ್ಟುಕೊಳ್ಳಿ, ಒಂದೊಂದು ಹಂತವನ್ನೂ ಮೊಬೈಲಿನಲ್ಲಿ ಹಿಡಿದಿಡಿ. ಕೆಟ್ಟ ಪ್ರಿಂಟೂ ಪ್ರಾಜೆಕ್ಟ್ ಪುಸ್ತಕಕ್ಕೆ ಬೇಕು.

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಫೋಟೊದ ಮೇಲೆ ಬಣ್ಣ ಹಚ್ಚಿ ನನ್ನದೆನ್ನುವ ಅಡ್ಡದಾರಿ ಬೇಡ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಫೋಟೊ ಕೂಡ ಕಲಾಕೃತಿಯೇ, ಅದಕ್ಕೊಬ್ಬ ಒಡೆಯ ಇರುತ್ತಾನೆ. ಗುರುತು ಸಿಗುವಂತೆ ಯಾರದಾದರೂ ಮುಖ ಬಂದಿದ್ದರೆ ಅವರನ್ನು ಕೇಳಿ.

ಪ್ರದರ್ಶನದ ಚೀಟಿಯಲ್ಲಿ ‘ಮಿಕ್ಸೆಡ್ ಮೀಡಿಯಾ’ ಎಂದು ಕೈತೊಳೆದುಕೊಳ್ಳದೆ, ‘ಮ್ಯಾಟ್ ಕಾಗದದ ಪಿಗ್ಮೆಂಟ್ ಪ್ರಿಂಟ್ ಮೇಲೆ ಜಲವರ್ಣ, ಅಕ್ರಿಲಿಕ್’ ಎಂದು ಬಿಡಿಸಿ ಬರೆಯಿರಿ. ಗಿಲ್ ಮತ್ತು ವಾಂಗಡ್ ಅವರ ಸರಣಿಯಲ್ಲಿ ಇಬ್ಬರ ಹೆಸರೂ ಇರುತ್ತದೆ. ಕೆರೆಯ ಏರಿ ಇಲ್ಲಿಂದ ಅಲ್ಲಿಯವರೆಗೆ ಇತ್ತೆಂದು ಬೊಟ್ಟುಮಾಡಿ ತೋರಿಸಿದ ಹಿರಿಯರು ಒಪ್ಪಿದರೆ, ಅವರ ಹೆಸರು ನಿಮ್ಮ ಹೆಸರಿನ ಕೆಳಗೆ, ಅದೇ ಅಕ್ಷರದ ಅಳತೆಯಲ್ಲಿ ಬರಲಿ.