ಮಿಲ್ ಎಂದರೆ ಯಾವ ಮಿಲ್?

ದಾವಣಗೆರೆಯ ಹಿರಿಯರಿಗೆ ‘ಮಿಲ್’ ಎಂದರೆ ಹತ್ತಿ ಗಿರಣಿ. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದ ಆ ಗಿರಣಿಗಳಲ್ಲಿ ಬಹುತೇಕವು ಮುಚ್ಚಿಹೋಗಿವೆ. ಅದೇ ಊರಿನ ರೈಸ್ ಮಿಲ್ ಭತ್ತದ ಹೊಟ್ಟು ತೆಗೆಯುತ್ತದೆ. ಪಕ್ಕದ ಹರಿಹರದ ಕಾರ್ಖಾನೆಗಳು ಬಲ್ಲ ಮಿಲ್ಲಿಂಗ್ ಮಷಿನ್ ಲೋಹವನ್ನು ಕೆತ್ತುತ್ತದೆ. ಈ ಮೂರರಲ್ಲಿ ಯಾವುದೂ ಹಿಟ್ಟು ಬೀಸುವುದಿಲ್ಲ. ಪದದ ಮೂಲಾರ್ಥ ಮಾತ್ರ ಬೀಸುವುದೇ. ಇಂಗ್ಲೆಂಡಿನಲ್ಲಿ ನೀರಿನ ಚಕ್ರದ ಬಲದಿಂದ ಬೀಸುಕಲ್ಲು ತಿರುಗಿಸುತ್ತಿದ್ದ ಮನೆ ಮಿಲ್ ಎನಿಸಿತ್ತು. ಚಕ್ರಕ್ಕೆ ಬೇರೆ ಯಂತ್ರಗಳನ್ನು ಜೋಡಿಸಿದಾಗಲೂ ಹೆಸರು ಉಳಿಯಿತು. 1771ರಲ್ಲಿ ಆರ್ಕ್‌ರೈಟ್ ಕ್ರಾಮ್‌ಫರ್ಡ್‌ನಲ್ಲಿ ಕಟ್ಟಿದ, ನೀರಿನಿಂದ ಓಡುವ ನೂಲಿನ ಕಾರ್ಖಾನೆಯೂ ಮಿಲ್ ಆಯಿತು. ನಮ್ಮ ‘ಗಿರಣಿ’ಯೂ ಹಿಟ್ಟಿಗೂ ಬಟ್ಟೆಗೂ ಸಲ್ಲುವ ಮಾತಲ್ಲವೇ?

‘ಜಿನ್’ ಎಂಬ ಪದದ ಕಥೆ ಬೇರೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್, ‘ಎಂಜಿನ್’ ಪದದ ತುಂಡು. ಕುಡಿಯುವ ಜಿನ್ ಜೂನಿಪರ್ ಕಾಯಿಯ ಡಚ್ ಹೆಸರಿನಿಂದ ಬಂದದ್ದು. ಕಾಗುಣಿತ ಒಂದಾಯಿತೇ ಹೊರತು ನಂಟಿಲ್ಲ. ಒಂದೇ ಪದ ಕವಲೊಡೆಯುವುದು ಬೇರೆ, ಎರಡು ಪದಗಳು ಆಕಸ್ಮಿಕವಾಗಿ ಒಂದೇ ರೂಪ ತಾಳುವುದು ಬೇರೆ. ನಮ್ಮ ಶಾಲೆಗಳ ಪದಪಟ್ಟಿಗಳು ಈ ಭೇದವನ್ನು ಹೇಳುವುದೇ ಇಲ್ಲ. ಎಡಕ್ಕೊಂದು ಪದ, ಬಲಕ್ಕೊಂದು ಅರ್ಥ, ಅಲ್ಲಿಗೆ ಮುಗಿಯಿತು.

ಇದರ ಬೆಲೆ ತೆರುವವರು ಕನ್ನಡ ಮಾಧ್ಯಮದಿಂದ ಐಟಿಐಗೋ ಎಂಜಿನಿಯರಿಂಗ್‌ಗೋ ಬರುವ ಮಕ್ಕಳು. ಬೆಡ್ ಎಂದರೆ ಹಾಸಿಗೆ, ಸ್ಯಾಡಲ್ ಎಂದರೆ ಜೀನು, ಏಪ್ರನ್ ಎಂದರೆ ಅಡುಗೆಯವರ ಮುಂಬಟ್ಟೆ ಎಂದು ಉರು ಹೊಡೆದವರ ಮುಂದೆ ಲೇತ್ ಯಂತ್ರದ ಪಾಠ ತೆರೆದರೆ ಮೂರೂ ಅಲ್ಲಿವೆ! ತಮಗೆ ಇಂಗ್ಲಿಷ್ ಬಾರದೆಂದು ಅವರು ಬಾಯಿ ಮುಚ್ಚಿ ಕೂರುತ್ತಾರೆ. ಯಂತ್ರವನ್ನೊಮ್ಮೆ ತೋರಿಸಿದ್ದರೆ ಸಾಕಿತ್ತು. ಉದ್ದಕ್ಕೆ ಹಾಸಿಕೊಂಡ ಅಡಿಪಾಯವೇ ಬೆಡ್, ಅದರ ಬೆನ್ನೇರಿ ಕೂತದ್ದು ಸ್ಯಾಡಲ್, ಮುಂದೆ ಇಳಿಬಿದ್ದದ್ದು ಏಪ್ರನ್. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೇ ಹೆಸರಾಗಿತ್ತು. ಅಲ್ಲಿನ ಕಾರ್ಮಿಕರು ಇವನ್ನೆಲ್ಲ ನಿಘಂಟಿನಿಂದ ಕಲಿಯಲಿಲ್ಲ. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ನಿಂತಾಗ ಅಂಥದೊಂದು ಭಾಷಾಶಾಲೆಯೂ ಮುಚ್ಚಿತು. ಅದನ್ನು ಯಾರೂ ನಷ್ಟದ ಲೆಕ್ಕಕ್ಕೆ ಸೇರಿಸಲಿಲ್ಲ.

ಹಲವು ಅರ್ಥಗಳಿರುವುದರಿಂದಲೇ ಇಂಗ್ಲಿಷ್ ಕಷ್ಟ ಎಂಬ ಮಾತನ್ನು ನಾನು ಒಪ್ಪಲಾರೆ. ಬೀಗ ಹಾಕು, ಸಹಿ ಹಾಕು, ಅರ್ಜಿ ಹಾಕು, ಒಗ್ಗರಣೆ ಹಾಕು: ಈ ‘ಹಾಕು’ವನ್ನು ಯಾವ ಮಗುವೂ ಪಟ್ಟಿ ಮಾಡಿ ಕಲಿತಿಲ್ಲ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಪದಕ್ಕೆ ನಾನೂರಕ್ಕೂ ಹೆಚ್ಚು ಅರ್ಥಗಳಿದ್ದವು. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಆರುನೂರು ದಾಟಿ ಅದನ್ನು ಹಿಂದಿಕ್ಕಿದೆ. ಅಷ್ಟನ್ನೂ ಯಾರು ಬಾಯಿಪಾಠ ಮಾಡಿಯಾರು? ಟೂಲ್ ಸೆಟ್ ಮಾಡುವುದು, ಸಿಮೆಂಟ್ ಸೆಟ್ ಆಗುವುದು ನಮ್ಮ ಹುಡುಗರಿಗೆ ಗೊತ್ತೇ ಇದೆ. ಬೆಣ್ಣೆ ದೋಸೆಯ ಊರಿನಲ್ಲಿ ಹೇಳುವುದು ಕೊಂಚ ಅಪಚಾರವಾದರೂ, ಸೆಟ್ ದೋಸೆಯೂ ಗೊತ್ತು. ಇಂಗ್ಲಿಷ್ ಮೇಷ್ಟ್ರು ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.